ಜಗಲಿ ಬಸ್ಸಿನ ಬೆಳ್ಳಪ್ಪ

ಬೆಳ್ಳಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಕೋಳಿ ಬುಟ್ಟಿಯನ್ನು ಸೀಟಿನಡಿ ತುರುಕಿದವರ ಮೇಲೆ, ಇಳಿಯುವ ಊರು ಬಂದ ಮೇಲೆ ಎದ್ದು ಚಪ್ಪಲಿ ಹುಡುಕುವವರ ಮೇಲೆ, ಕಾರಣವೇ ಇಲ್ಲದೆ ಎಷ್ಟೋ ಜನರ ಮೇಲೆ ಅವನು ರೇಗುತ್ತಿದ್ದ. ಸಾಗರದಿಂದ ಹೊರಟು ಹೊಸನಗರ, ನಗರವೆಂಬ ಊರು ಹಾದು ತೀರ್ಥಹಳ್ಳಿಗೆ ಹೋಗುವ ಬಸ್ಸಿಗೆ ಅವನು ಕಂಡಕ್ಟರು. ನಾನು ಆಗ ನಗರದ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಶನಿವಾರ ಮಧ್ಯಾಹ್ನ ಸಾಗರದ ಮನೆಗೆ ಹೋಗಿ ಸೋಮವಾರ ಬೆಳಿಗ್ಗೆ ಅದೇ ಬಸ್ಸಿನಲ್ಲಿ ವಾಪಸಾಗುತ್ತಿದ್ದೆ. ಹಾಗಾಗಿ ಅವನ ಬೈಗುಳದಲ್ಲಿ ನನಗೂ ವಾರಕ್ಕೆರಡು ಸಲ ಪಾಲಿರುತ್ತಿತ್ತು.

ಬಸ್ಸು ತೀರ್ಥಹಳ್ಳಿ ಕಡೆಯ ಹೂವಯ್ಯನವರದು. ಗದ್ದೆ ತೋಟ ಸಾಕಷ್ಟಿದ್ದ ಕುಳ. ಬೆಳ್ಳಪ್ಪನ ಅಪ್ಪ ಅವರ ಗೇಣಿ ಒಕ್ಕಲು, ದೀವರ ಜಾತಿಯವನು. ಜೀವಮಾನವಿಡೀ ಅವರ ಅಂಗಳದಲ್ಲಿ ನಿಂತೇ ಮಾತಾಡಿದವನು. ಮಗ ನಾಲ್ಕನೇ ಕ್ಲಾಸು ಪಾಸಾದನೆಂದು ಹೂವಯ್ಯನವರೇ ಕರೆದು ಬಸ್ಸಿನ ಕೆಲಸ ಕೊಡಿಸಿದ್ದರು. ಆ ಋಣ ಬೆಳ್ಳಪ್ಪನ ಬೆನ್ನ ಮೇಲಿತ್ತು.

ಅರವತ್ತೊಂದರಲ್ಲಿ ಹೂವಯ್ಯನವರು ಬೊಂಬಾಯಿಗೆ ಹೋಗಿ, ಅಲ್ಲಿ ಹರಾಜಿಗೆ ಬಂದಿದ್ದ ಹಳೇ ಸಿಟಿ ಬಸ್ಸೊಂದನ್ನು ಹಿಡಿದು ತಂದರು. ಅಂಥ ಬಸ್ಸನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಮುಂದೆ ಬಾಗಿಲೇ ಇಲ್ಲ. ಡ್ರೈವರಿಗೆ ಗೂಡಿನಂಥ ಬೇರೆ ಕೋಣೆ. ಹಿಂದಿನ ಎಡಮೂಲೆ ಪೂರಾ ಬಯಲು, ಅಲ್ಲಿ ನೆಲದಿಂದ ಒಂದು ಮೊಳ ಎತ್ತರಕ್ಕೆ ನಾಲ್ಕಾರು ಜನ ನಿಲ್ಲುವಷ್ಟು ಹಲಗೆ ಹಾಸು, ಹಿಡಿದುಕೊಳ್ಳಲು ನಡುವೆ ಒಂದು ಕಬ್ಬಿಣದ ಕಂಬ. ಹಲಗೆಯಿಂದ ಒಂದು ಮೆಟ್ಟಿಲು ಹತ್ತಿದರೆ ಒಳಗೆ ಸೀಟು. ಪಟ್ಟಣದ ಜನ ಬಸ್ಸು ನಿಧಾನವಾದಾಗ ಹಾರಿ ಹತ್ತಲಿ, ಹಾರಿ ಇಳಿಯಲಿ ಎಂದು ಮಾಡಿದ್ದದು. ಹೊಸನಗರದವರು ಮೊದಲ ದಿನವೇ ಅದಕ್ಕೆ ಜಗಲಿ ಬಸ್ಸು ಎಂದು ಹೆಸರಿಟ್ಟರು.

ಬೆಳ್ಳಪ್ಪನಿಗೆ ಆ ಜಗಲಿಯ ಮೇಲೆ ಬಲು ಪ್ರೀತಿ. ಕಂಬ ಮುಟ್ಟದೆ ನಿಂತು ಟಿಕೆಟ್ ಹರಿಯುವುದನ್ನು ಒಂದೇ ತಿಂಗಳಲ್ಲಿ ಕಲಿತ. ಮುದುಕರು ಬಂದರೆ ಬಗ್ಗಿ ರಟ್ಟೆಗೆ ಕೈಹಾಕಿ ಎತ್ತಿಕೊಳ್ಳುತ್ತಿದ್ದ. ಎತ್ತುವಾಗಲೂ ಬೈಯುತ್ತಿದ್ದ, ಆದರೆ ಒಬ್ಬರನ್ನೂ ಬಿಟ್ಟು ಹೋದವನಲ್ಲ. ಎಲ್ಲರೂ ಹತ್ತಿದ ಮೇಲೆ ಹಗ್ಗ ಜಗ್ಗಿ ಗಂಟೆ ಬಾರಿಸಿದರೆ ಡ್ರೈವರ್ ಗಜಾನನ ಗಾಡಿ ಬಿಡುತ್ತಿದ್ದ. ಹಿಂದೆ ಏನಾಗುತ್ತಿದೆಯೆಂದು ಗೂಡಿನಲ್ಲಿದ್ದ ಗಜಾನನನಿಗೆ ಕಾಣುತ್ತಿರಲಿಲ್ಲ. ಅವನಿಗೆ ಗಂಟೆಯ ಸದ್ದೇ ಕಣ್ಣು.

ಬಸ್ಸು ಬಂದ ವಾರದಲ್ಲೇ ಹೂವಯ್ಯನವರು ಬೆಳ್ಳಪ್ಪನನ್ನು ಕರೆಸಿ ಒಂದು ಮಾತು ಹೇಳಿದ್ದರು. ಊರಾಚೆಯ ಕೇರಿಯವರು ಬಸ್ಸು ಹತ್ತಿದರೆ ಜಗಲಿಯ ಮೇಲೇ ಇರಲಿ, ಒಳಗಿನವರಿಗೆ ಮುಜುಗರ ಬೇಡ ಎಂದು. ಬೋರ್ಡಿಲ್ಲ, ಕಾಗದವಿಲ್ಲ, ಬಾಯಿಮಾತು. ಟಿಕೆಟ್ಟಿನ ದರ ಮಾತ್ರ ಎಲ್ಲರಿಗೂ ಒಂದೇ. ಬೆಳ್ಳಪ್ಪ ಹೂಂ ಎಂದು ಬಂದ. ಬಂದವನು ಆ ಮಾತನ್ನು ಚಾಚೂ ತಪ್ಪದೆ ನಡೆಸಿದ. ಕೇರಿಯವರು ಯಾರಾದರೂ ಮೆಟ್ಟಿಲಿನ ಮೇಲೆ ಕಾಲಿಟ್ಟರೆ ಅವನ ಸಿಟ್ಟೆಲ್ಲ ಅವರ ಮೇಲೆ. ಒಳಗೆ ಕೂತವರಾರೂ ತುಟಿ ಬಿಚ್ಚಲಿಲ್ಲ. ನಾನೂ ಒಳಗೆ ಕೂತವನೇ. ಮಡಿಲಲ್ಲಿ ಪೇಪರು ಹರಡಿಕೊಂಡು, ಹಿಂದೆ ಕೆಮ್ಮಣ್ಣಿನ ಧೂಳು ತಿನ್ನುತ್ತಾ ನಿಂತವರ ಕಡೆ ಬೆನ್ನುಹಾಕಿ, ನಾಲ್ಕು ವರ್ಷ ಓಡಾಡಿದೆ.

ಹಾಗೆ ನಿಲ್ಲುವವರಲ್ಲಿ ಹುಲಿಯಮ್ಮ ಒಬ್ಬಳು. ಹೊಸನಗರದ ಕೇರಿಯವಳು. ಬಟ್ಟೆಮಲ್ಲಪ್ಪದ ಹತ್ತಿರ ರಸ್ತೆ ಕೆಲಸಕ್ಕೆ ಜಲ್ಲಿ ಒಡೆಯುವ ಕೂಲಿ ಮಾಡುತ್ತಿದ್ದಳು. ಸುತ್ತಿಗೆಯನ್ನು ಸೆರಗಿಗೆ ಸುತ್ತಿಕೊಂಡು ಹತ್ತುವ ಗಟ್ಟಿ ಹೆಂಗಸು. ಮೊದಮೊದಲು ಒಂದು ದಿನ ಅವಳು ಬೆಳ್ಳಪ್ಪನನ್ನು, ಅರ್ಧ ಬಸ್ಸಿಗೆ ಪೂರ್ತಿ ಟಿಕೆಟ್ಟು ಯಾಕೆ ಎಂದು ಕೇಳಿದ್ದಳಂತೆ. ಬೇಕಾದರೆ ನಡೆದು ಹೋಗು ಎಂದು ಅವನು ಗದರಿದ. ಆಮೇಲೆ ಅವಳು ಕೇಳಲಿಲ್ಲ.

ಅರವತ್ತೈದರ ಜನವರಿಯ ಒಂದು ಸೋಮವಾರ. ಅವತ್ತು ಹುಲಿಯಮ್ಮ ಕೆಲಸಕ್ಕೆ ಹೊರಟಿರಲಿಲ್ಲ, ಸಾಗರದಲ್ಲಿ ತಂಗಿಯ ಬಾಣಂತನ ನೋಡಿಕೊಂಡು ಊರಿಗೆ ಹಿಂತಿರುಗುತ್ತಿದ್ದಳು. ಒಂದು ಕೈಯಲ್ಲಿ ಗಂಟು, ಒಂದು ಕೈಯಲ್ಲಿ ಕಂಬ. ಬಸ್ಸಿನಲ್ಲಿ ಜನ ಕಡಿಮೆ. ಬಟ್ಟೆಮಲ್ಲಪ್ಪ ದಾಟಿ ಇಳಿಜಾರಿನ ತಿರುವು ಬಂತು. ಎದುರಿಗೆ ಮರದ ನಾಟಾ ತುಂಬಿದ ಲಾರಿ. ಗಜಾನನ ಸರಕ್ಕನೆ ಎಡಕ್ಕೆ ಎಳೆದು, ಮರುಕ್ಷಣ ಬಲಕ್ಕೆ ತಿರುಗಿಸಿದ. ಬೆಳ್ಳಪ್ಪ ಆಗ ಒಳಗೆ ನನ್ನ ಪಕ್ಕದವರಿಗೆ ಚಿಲ್ಲರೆ ಕೊಡುತ್ತಿದ್ದ. ಹಿಂದಿನಿಂದ ಯಾರೋ ಕೂಗಿದರು. ತಿರುಗಿ ನೋಡಿದರೆ ಕಂಬದ ಹತ್ತಿರ ಯಾರೂ ಇಲ್ಲ.

ಅವನು ಹಗ್ಗ ಜಗ್ಗಿದ. ಬಸ್ಸು ನಿಲ್ಲುವಷ್ಟರಲ್ಲಿ ಅರ್ಧ ಫರ್ಲಾಂಗು ಮುಂದೆ ಹೋಗಿತ್ತು. ನಾವು ಓಡಿ ಹೋದೆವು. ಹುಲಿಯಮ್ಮ ಚರಂಡಿಯ ಕಲ್ಲಿನ ಮೇಲೆ ಬಿದ್ದಿದ್ದಳು. ಎಡಗಾಲು ತೊಡೆಯ ಹತ್ತಿರ ತಿರುಚಿಕೊಂಡು, ನೋಡಲಾಗದ ಹಾಗಿತ್ತು. ಎಚ್ಚರವಿತ್ತು. ಅಳಲಿಲ್ಲ, ಹಲ್ಲು ಕಚ್ಚಿಕೊಂಡಿದ್ದಳು.

ಎತ್ತಿ ತಂದು ಬಸ್ಸಿಗೆ ಹಾಕುವಾಗ, ಮೆಟ್ಟಿಲ ಪಕ್ಕದ ಉದ್ದ ಸೀಟಿನಲ್ಲಿದ್ದ ಒಬ್ಬ ಹಿರಿಯರು ಅವಳನ್ನು ಜಗಲಿಯ ಮೇಲೇ ಮಲಗಿಸಿದರಾಯಿತು, ಹೊಸನಗರ ಎಷ್ಟು ದೂರ ಎಂದರು. ಬೆಳ್ಳಪ್ಪ ಅವರ ಮುಖ ನೋಡಿದ. ಏಳಿ ಎಂದ. ಅವರು ಎದ್ದರು. ಅವರ ಮುಂದಿನ ಸೀಟಿನವರೂ ಎದ್ದರು. ಆ ಉದ್ದ ಸೀಟಿನಲ್ಲಿ ಅವಳನ್ನು ಮಲಗಿಸಿ, ಆಸ್ಪತ್ರೆ ಬರುವ ತನಕ ಕೆಳಗೆ ಮೊಣಕಾಲೂರಿ ಕಾಲನ್ನು ಹಿಡಿದುಕೊಂಡಿದ್ದ. ಆ ದಾರಿಯುದ್ದಕ್ಕೂ ಅವನು ಯಾರನ್ನೂ ಬೈಯಲಿಲ್ಲ.

ಮೂರನೇ ದಿನ ಹೂವಯ್ಯನವರು ಕರೆಸಿದರು. ಪೊಲೀಸರಿಗೆ ಕೊಡಲು ಗುಮಾಸ್ತ ಹೇಳಿಕೆ ಬರೆದಿಟ್ಟಿದ್ದ: ಬಸ್ಸು ತುಂಬಿತ್ತು, ಹೆಂಗಸು ತಾನಾಗಿಯೇ ಹೊರಗೆ ನಿಂತಿದ್ದಳು, ಕಂಡಕ್ಟರು ಬೇಡವೆಂದರೂ ಓಡುವ ಬಸ್ಸಿನಿಂದ ಹಾರಿದಳು. ಗಜಾನನ ಆಗಲೇ ರುಜು ಮಾಡಿದ್ದ. ಬೆಳ್ಳಪ್ಪ ಓದಿದ.

"ಅಯ್ಯಾ, ಅವ್ಳು ಹಾರ್ಲಿಲ್ಲ," ಅಂದ.

"ನೀನು ನೋಡಿದ್ಯಾ?" ಹೂವಯ್ಯನವರು ದನಿ ಏರಿಸಲಿಲ್ಲ. "ಒಳಗಿದ್ದೆಯಲ್ಲ. ನೋಡದೇ ಇದ್ದೋನು ಹಾರ್ಲಿಲ್ಲ ಅಂತ ಹೆಂಗೆ ಹೇಳ್ತೀಯ? ನಿಮ್ಮಪ್ಪ ಇನ್ನೂ ನಮ್ಮ ಗದ್ದೇಲೇ ಉಳ್ತಾ ಇದಾನೆ, ಬೆಳ್ಳ."

ಬೆಳ್ಳಪ್ಪ ರುಜು ಹಾಕಿದ. ಇದನ್ನು ಅವನೇ ನನಗೆ ಹೇಳಿದ್ದು. ಹೇಳುವಾಗ ತನ್ನ ಬಲಗೈಯನ್ನು ಯಾರದೋ ಕೈಯೆಂಬಂತೆ ನೋಡುತ್ತಿದ್ದ.

ಹುಲಿಯಮ್ಮನನ್ನು ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಎರಡು ತಿಂಗಳ ಮೇಲೆ ಮನೆಗೆ ಬಂದಳೆಂದು ಸುದ್ದಿ ಬಂತು. ಕಾಲು ಕೂಡಿತ್ತು, ಆದರೆ ನಾಲ್ಕು ಬೆರಳಿನಷ್ಟು ಗಿಡ್ಡವಾಗಿ. ಒಂದು ರಜಾ ದಿನ ಬೆಳ್ಳಪ್ಪ ಕಿತ್ತಳೆ ಹಣ್ಣು ಕಟ್ಟಿಸಿಕೊಂಡು ಅವಳ ಕೇರಿಗೆ ಹೋದ. ಅಲ್ಲಿಯವರೆಗೆ ಅವನು ಆ ಕೇರಿಗೆ ಕಾಲಿಟ್ಟವನಲ್ಲ. ಅವಳು ಗುಡಿಸಲ ಮುಂದೆ ಚಾಪೆಯ ಮೇಲೆ ಕೂತಿದ್ದಳು. ಗಂಡ ಮಾಸ್ತಪ್ಪ ಗಡಿಬಿಡಿಯಲ್ಲಿ ಗೋಣಿಚೀಲ ತಂದು ಹಾಸಲು ಹೋದ. ಹುಲಿಯಮ್ಮ ತಡೆದಳು.

"ಹಾಸ್ಬೇಡ. ನಿಂತ್ಕಂಡೇ ಇರ್ಲಿ. ನಾವೂ ನಿಂತ್ಕಂಡೇ ಬಂದೋರು."

ಬೆಳ್ಳಪ್ಪ ನಿಂತೇ ಇದ್ದ. ಬಿದ್ದಿದ್ದಕ್ಕೆ ಬಹಳ ಬೇಜಾರಾಯಿತು ಎಂದು ಏನೋ ತೊದಲಿದ.

"ನಾನು ಬಿದ್ದಿದ್ದಲ್ಲ ಕಂಡಕ್ಟ್ರೇ. ನೀವು ಹೊರಗೆ ನಿಲ್ಸಿದ್ರಿ, ಅದಕ್ಕೆ ಬಿದ್ದೆ. ಅವತ್ತು ಒಳಗೆ ಏಳು ಸೀಟು ಖಾಲಿ ಇತ್ತು. ನಾನು ದಿನಾ ಎಣಿಸ್ತಿದ್ದೆ. ಈಗ ಹಾರಿದೆ ಅಂತ ಬರ್ಕೊಟ್ಟಿದೀರಂತೆ. ಗಂಟು ಹಿಡ್ಕಂಡು ಯಾರಾದ್ರೂ ಹಾರ್ತಾರಾ?"

ಅವನು ಹಣ್ಣು ಅಲ್ಲೇ ಇಟ್ಟು ಹೊರಟ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಮಾಸ್ತಪ್ಪ ಹಿಂದಿನಿಂದ ಬಂದು, ಅವಳು ಬೇಡವೆನ್ನುತ್ತಾಳೆಂದು ಪೊಟ್ಟಣ ಕೈಗಿತ್ತ.

ಆ ರಾತ್ರಿ ಹೇಗೆ ಕಳೆದನೋ ಗೊತ್ತಿಲ್ಲ. ಮರುದಿನ ಸೋಮವಾರ, ನಾನು ಬಸ್ಸಿನಲ್ಲಿದ್ದೆ. ಹೊಸನಗರದಲ್ಲಿ ಕೇರಿಯ ಇಬ್ಬರು ಗಂಡಸರು ಹತ್ತಿ ಯಥಾಪ್ರಕಾರ ಕಂಬ ಹಿಡಿದು ನಿಂತರು. ಬೆಳ್ಳಪ್ಪ ಅವರಿಗೆ ಒಳಗೆ ಹೋಗಿ ಎಂದ. ಅವರು ನಕ್ಕು ತಲೆಯಾಡಿಸಿದರು. ಇದೇನೋ ತಮಾಷೆ, ಆಮೇಲೆ ಬೈಗುಳ ಕಾದಿದೆ ಎಂದುಕೊಂಡಿರಬೇಕು. ಅವನು ಮತ್ತೆ ಹೇಳಿದ. ಅವರು ಕದಲಲಿಲ್ಲ. ಅವನೇ ಕಲಿಸಿದ ಹೆದರಿಕೆ ಅದು. ಬಸ್ಸು ನಗರ ಮುಟ್ಟುವ ತನಕ ಅವನ ಕೆನ್ನೆಯ ಸ್ನಾಯು ಕುಣಿಯುತ್ತಿದ್ದದ್ದನ್ನು ನಾನು ಕಂಡೆ.

ನಗರದಲ್ಲಿ ಬಸ್ಸು ಕಾಫಿಗೆ ಇಪ್ಪತ್ತು ನಿಮಿಷ ನಿಲ್ಲುತ್ತಿತ್ತು. ಎಲ್ಲರೂ ಇಳಿದರು. ಬೆಳ್ಳಪ್ಪ ಟಿಕೆಟ್ ಚೀಲ ಬಿಚ್ಚಿ ಸೀಟಿನ ಮೇಲಿಟ್ಟ. ಡ್ರೈವರನ ಗೂಡಿನಿಂದ ಹಾರೆಕೋಲು ತಂದ. ಜಗಲಿಯ ಮೊದಲ ಹಲಗೆಯ ಸಂದಿಗೆ ಅದನ್ನು ತೂರಿಸಿ ಮೈಭಾರವೆಲ್ಲ ಹಾಕಿ ಮೀಟಿದ. ಹಲಗೆ ಕಿರುಗುಟ್ಟಿ ಎದ್ದಿತು. ಅದನ್ನು ಎಳೆದು ರಸ್ತೆಗೆ ಎಸೆದ. ಆಮೇಲೆ ಎರಡನೆಯದು. ಹೋಟೆಲಿನಲ್ಲಿದ್ದವರೆಲ್ಲ ಹೊರಗೆ ಬಂದು ನಿಂತರು. ಗಜಾನನ ಕಾಫಿ ಲೋಟ ಹಿಡಿದುಕೊಂಡೇ ಬಂದ. ಏನು ಮಾಡುತ್ತಿದ್ದೀಯೆಂದು ಕೇಳಲಿಲ್ಲ, ತಡೆಯಲೂ ಇಲ್ಲ. ಬಿಸಿಲಿನಲ್ಲಿ ಬೆಳ್ಳಪ್ಪನ ಖಾಕಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಒಂದೊಂದು ಹಲಗೆ ಕಿತ್ತಾಗಲೂ ಅವನು ಒಂದೊಂದು ಬೈಗುಳ ಬೈದ. ಆ ಬೈಗುಳದಲ್ಲಿ ಹೂವಯ್ಯನವರಿದ್ದರು, ಗಜಾನನ ಇದ್ದ, ಒಳಗೆ ಕೂತ ನಾವಿದ್ದೆವು. ತನ್ನ ಹೆಸರು ಹಿಡಿದೇ ತನ್ನನ್ನೂ ಬೈದುಕೊಂಡ. ಕೊನೆಗೆ ಹೋಟೆಲಿನ ನಾಲ್ಕು ಜನ ಹಿಡಿದು ಹಾರೆ ಕಸಿದುಕೊಂಡರು. ತೀರ್ಥಹಳ್ಳಿಗೆ ಹೋಗುವವರು ಅವತ್ತು ಬೇರೆ ಬಸ್ಸು ಕಾಯಬೇಕಾಯಿತು.

ಹೂವಯ್ಯನವರು ಬಸ್ಸು ಹಾಳು ಮಾಡಿದನೆಂದು ದೂರು ಕೊಟ್ಟರು. ಕೇಸು ಸಾಗರದ ಕೋರ್ಟಿಗೆ ಬಂತು. ಅವನಪ್ಪ ಮಗನ ಕಾಲು ಹಿಡಿದು, ತಲೆ ಕೆಟ್ಟಿತ್ತು ಎಂದು ಹೇಳಿಬಿಡು, ಅಯ್ಯನವರು ಬಿಟ್ಟುಬಿಡುತ್ತಾರೆ ಎಂದು ಬೇಡಿಕೊಂಡನಂತೆ. ಬೆಳ್ಳಪ್ಪ ಒಪ್ಪಲಿಲ್ಲ. ಕಟಕಟೆಯಲ್ಲಿ ನಿಲ್ಲಿಸಿ, ಹಲಗೆ ಕಿತ್ತದ್ದು ನಿಜವೇ ಎಂದು ಕೇಳಿದರು.

"ನಿಜ ಸ್ವಾಮಿ. ಇನ್ನೆರಡು ಹಲಗೆ ಉಳಿದಿತ್ತು. ಅಷ್ಟೊತ್ತಿಗೆ ಕೈ ಹಿಡ್ಕಂಡ್ರು."

ಯಾಕೆ ಎಂದು ಕೇಳಿದಾಗ ಎಲ್ಲವನ್ನೂ ಹೇಳಿದ. ಬಾಯಿಮಾತಿನ ಕಟ್ಟಳೆ, ಏಳು ಖಾಲಿ ಸೀಟು, ತಾನು ಹಾಕಿದ ಸುಳ್ಳು ರುಜು. ಹುಲಿಯಮ್ಮ ಬಿದ್ದ ದಿನ ಬಸ್ಸಿನಲ್ಲಿದ್ದ ನನ್ನನ್ನೂ ಸಾಕ್ಷಿಗೆ ಕರೆದಿದ್ದರು. ಜನ ಎಷ್ಟಿದ್ದರು ಎಂದು ಕೇಳಿದರು. ನಿದ್ದೆ ಹತ್ತಿತ್ತು, ಗಮನಿಸಲಿಲ್ಲ ಎಂದೆ. ಸ್ಕೂಲ್ ಕಮಿಟಿಯಲ್ಲಿ ಹೂವಯ್ಯನವರ ಭಾವ ಇದ್ದರು. ಇಳಿದು ಬರುವಾಗ ಬೆಳ್ಳಪ್ಪ ನನ್ನನ್ನು ನೋಡಿದ ನೋಟ ನನಗೆ ಇನ್ನೂ ಚುಚ್ಚುತ್ತದೆ. ನನ್ನ ಮಾತು ಇಲ್ಲದೆಯೇ ಕೋರ್ಟು ಅವನ ಮಾತನ್ನು ನಂಬಿತು, ಅದು ನನ್ನ ಪುಣ್ಯವಲ್ಲ.

ಬಸ್ಸು ಹಾಳು ಮಾಡಿದ್ದಕ್ಕೆ ಬೆಳ್ಳಪ್ಪನಿಗೆ ದಂಡ, ಇಲ್ಲವೇ ಹದಿನೈದು ದಿನ ಜೈಲು ಎಂದಾಯಿತು. ಕಟ್ಟಲಾರೆ ಎಂದು ಜೈಲಿಗೇ ಹೋದ. ಕಂಡಕ್ಟರ್ ಬಿಲ್ಲೆ ಕಳೆದುಕೊಂಡ. ಅವನಪ್ಪನ ಗೇಣಿ ಗದ್ದೆ ಆ ವರ್ಷವೇ ಕೈಬಿಟ್ಟಿತು. ಇತ್ತ ಆ ಸುಳ್ಳು ಹೇಳಿಕೆಯ ಮೇಲೆ ಮುಚ್ಚಿದ್ದ ಹುಲಿಯಮ್ಮನ ಕೇಸನ್ನು ಮತ್ತೆ ತೆರೆದು, ಒಂದೂವರೆ ವರ್ಷ ಅಲೆದಾಡಿಸಿದ ಮೇಲೆ ಪರಿಹಾರ ಕೊಡಿಸಿದರು. ಬಾಗಿಲಿಲ್ಲದ ಬಸ್ಸು ಈ ದಾರಿಯಲ್ಲಿ ಓಡಕೂಡದೆಂದು ಆಜ್ಞೆಯಾಯಿತು. ಹೂವಯ್ಯನವರು ಜಗಲಿಗೆ ತಗಡು ಹೊಡೆಸಿ, ಚಿಲಕದ ಬಾಗಿಲು ಇಡಿಸಿ, ಇದು ಭದ್ರವಾದ ಬಸ್ಸು ಎಂದು ತಾವೇ ಹೇಳಿಕೊಂಡು ಓಡಿಸಿದರು. ಹೊಸ ಕಂಡಕ್ಟರಿಗೆ ಅವರು ಏನು ಹೇಳಿದ್ದರೋ ತಿಳಿಯದು. ಆದರೆ ಹುಲಿಯಮ್ಮ ಕೋಲೂರಿಕೊಂಡು ಹತ್ತಿ ನೇರ ಒಳಗೆ ಹೋಗಿ ಕೂತ ದಿನ ಅವನು ಟಿಕೆಟ್ ಕೊಟ್ಟು ಮುಂದೆ ಹೋದ. ಪಕ್ಕದಲ್ಲಿದ್ದವರು ಎದ್ದು ನಿಂತರು. ನಿಲ್ಲಲಿ ಎಂದು ಅವಳು ಕಾಲು ಚಾಚಿ ಕೂತಳಂತೆ.

ಬೆಳ್ಳಪ್ಪನನ್ನು ಯಾವ ಬಸ್ಸಿನವರೂ ಸೇರಿಸಿಕೊಳ್ಳಲಿಲ್ಲ. ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಹಮಾಲಿ ಆದ. ಬಸ್ಸಿನ ಮಾಡಿಗೆ ಮೂಟೆ ಏರಿಸುವುದು, ಇಳಿಸುವುದು. ಸಿಟ್ಟು ಕಡಿಮೆಯಾಗಲಿಲ್ಲ. ಬಸ್ಸಿನಲ್ಲಿ ಯಾರನ್ನಾದರೂ ಹಿಂದಕ್ಕೆ ನೂಕಿದ್ದು ಕಂಡರೆ ಮೂಟೆ ಕೆಳಗಿಟ್ಟು ಕಂಡಕ್ಟರನ ಎದುರು ಬಂದು ನಿಲ್ಲುತ್ತಿದ್ದ. ಎರಡು ಸಲ ಏಟೂ ತಿಂದ.

ಅರವತ್ತೆಂಟರಲ್ಲಿ ನನಗೆ ವರ್ಗವಾದಾಗ ಅವನಿಗೆ ಹೇಳಿ ಹೋಗಲೆಂದು ಬಸ್‌ಸ್ಟ್ಯಾಂಡಿಗೆ ಹೋದೆ. ಮೂರು ವರ್ಷದಿಂದ ಅವನು ನನ್ನ ಹತ್ತಿರ ಮಾತು ಬಿಟ್ಟಿದ್ದ. ಅವತ್ತು ಬೀಡಿ ಹಚ್ಚಿ ಕೂತು, ರುಜು ಹಾಕಿದ್ದು, ಕೇರಿಗೆ ಹೋದದ್ದು, ಎಲ್ಲ ಹೇಳಿದ. ಕ್ಷಮೆ ಕೇಳಬೇಕೆಂದು ಹೋದವನು ನಾನು, ಬಾಯಿಗೆ ಬಂದದ್ದು ಬೇರೆ ಮಾತು. ಹುಲಿಯಮ್ಮ ಈಗಲಾದರೂ ಅವನನ್ನು ಮನ್ನಿಸಿದ್ದಾಳೆಯೇ ಎಂದು ಕೇಳಿದೆ.

ಅವನ ಮುಖ ಕೆಂಪಾಯಿತು.

"ಅದನ್ನ ಕೇಳೋಕೆ ನಾನ್ಯಾರು, ಮೇಷ್ಟ್ರೇ? ನೀವ್ಯಾರು?" ಅಂದ. ಆಮೇಲೆ ಶಿವಮೊಗ್ಗದ ಬಸ್ಸು ಬಂತೆಂದು ಎದ್ದು, ಹೆಗಲಿಗೆ ಟವೆಲ್ಲು ಹಾಕಿಕೊಂಡು ಹೋದ.