ಬೇಸಿಗೆ ಶರ್ಟಿನ ಒಳಪದರ

ನನ್ನ ದೊಡ್ಡಮ್ಮ ಸಿಟ್ಟು ಬಂದರೆ ಕೂಗಾಡುವುದಿಲ್ಲ, ಇಸ್ತ್ರಿ ಮಾಡುತ್ತಾಳೆ. ಮೂರು ವರ್ಷದಿಂದ ನಮ್ಮ ಮನೆಯಲ್ಲಿ ನೆಲ ಒರೆಸುವ ಬಟ್ಟೆಗೂ ಇಸ್ತ್ರಿ ಬೀಳುತ್ತಿದೆ ಎಂದರೆ ಆ ಸಿಟ್ಟು ಎಷ್ಟಿರಬೇಕು, ನೀವೇ ಅಂದಾಜು ಮಾಡಿ.

ಅವಳ ಕೆಲಸ ಸಿನಿಮಾ ಸೆಟ್ಟಿನಲ್ಲಿ ಬಟ್ಟೆ ನೋಡಿಕೊಳ್ಳುವುದು. ಸಿನಿಮಾದವರದ್ದು ಎಲ್ಲ ಉಲ್ಟಾ. ಚಳಿಗಾಲದಲ್ಲಿ ಆಕಾಶ ತಿಳಿಯಾಗಿರುತ್ತದೆ ಅಂತ ಬೇಸಿಗೆಯ ಸೀನುಗಳನ್ನೆಲ್ಲ ಆಗಲೇ ತೆಗೆಯುತ್ತಾರೆ. ಹಲ್ಲು ಕಟಕಟ ಎನ್ನುವ ಬೆಳಿಗ್ಗೆ ತೆಳು ಹತ್ತಿ ಬಟ್ಟೆ ಹಾಕಿಸಿ, ಹಣೆಗೆ ಗ್ಲಿಸರಿನ್ ಬೆವರು ಸಿಂಪಡಿಸಿ, ಬಿಸಿಲಿಗೆ ಬೆಂದವರ ಹಾಗೆ ಮುಖ ಮಾಡಿ ಎನ್ನುತ್ತಾರೆ. ಬಾಯಿಂದ ಹೊರಡುವ ಆವಿ ಕ್ಯಾಮೆರಾಗೆ ಕಾಣಬಾರದಲ್ಲ, ಅದಕ್ಕೆ ಶಾಟ್‌ಗೆ ಮೊದಲು ಬಾಯಲ್ಲಿ ಒಂದು ಐಸ್ ತುಂಡು. ಇಂಥ ಬುದ್ಧಿವಂತಿಕೆ ಯಾರಿಗೆ ಹೊಳೆಯಿತೋ, ಅವನ ಬಾಯಲ್ಲಿ ಐಸಿನ ಫ್ಯಾಕ್ಟರಿಯನ್ನೇ ಇಡಬೇಕು.

ಈ ಚಳಿಗೆ ಮೋಸ ಮಾಡುವುದೇ ದೊಡ್ಡಮ್ಮನ ವಿದ್ಯೆ. ಚಳಿ ಬರುವುದು ಗಾಳಿಯಿಂದಲ್ಲ, ನೆಲದಿಂದ ಎನ್ನುತ್ತಾಳೆ. ಅದಕ್ಕೇ ಶಾಟ್ ಇಲ್ಲದಾಗ ಎಲ್ಲರನ್ನೂ ರಟ್ಟಿನ ಮೇಲೆ ನಿಲ್ಲಿಸುತ್ತಾಳೆ. ಬಿಸಿನೀರಿನ ರಬ್ಬರ್ ಚೀಲವನ್ನು ಹೊಟ್ಟೆಗಲ್ಲ, ಸೊಂಟದ ಹಿಂದೆ ಕಟ್ಟುತ್ತಾಳೆ. ನಿರ್ದೇಶಕರು ಕಟ್ ಎಂದು ಬಾಯಿ ಮುಚ್ಚುವುದರೊಳಗೆ ಕೋಟು ನಟಿಯ ಭುಜದ ಮೇಲಿರುತ್ತದೆ.

ಇಷ್ಟೆಲ್ಲ ಬಲ್ಲವಳಿಗೆ ಸ್ವಂತ ತಂಗಿಯನ್ನು ಕಾಪಾಡಲಾಗಲಿಲ್ಲ. ಆ ತಂಗಿ ನನ್ನ ಅಮ್ಮ. ಅಮ್ಮ ಜೂನಿಯರ್ ಆರ್ಟಿಸ್ಟ್, ಅಂದರೆ ಗುಂಪಿನಲ್ಲಿ ನಿಲ್ಲುವವಳು. ಮೂರು ವರ್ಷದ ಹಿಂದೆ, ಇಂಥದ್ದೇ ಚಳಿಗಾಲದಲ್ಲಿ ಒಂದು ಬೇಸಿಗೆ ಮಳೆಯ ಸೀನು. ಪೈಪಿನ ನೀರಲ್ಲಿ ಐದು ಗಂಟೆ ನೆನೆದು, ಮೈ ಬೆಚ್ಚಗಾಗಲಿ ಎಂದು ಅಮ್ಮ ಹೀಟರ್ ಇದ್ದ ಡೇರೆಯೊಳಗೆ ಕಾಲಿಟ್ಟಳು. ಪ್ರೊಡಕ್ಷನ್ ಮ್ಯಾನೇಜರ್ ಬಾಗಿಲಿಗೆ ಅಂಟಿಸಿದ್ದ ಕಾಗದ ತೋರಿಸಿದ: ಡೈಲಾಗ್ ಇರುವವರಿಗೆ ಮಾತ್ರ. ಅವಳನ್ನು ಒದ್ದೆ ಬಟ್ಟೆಯಲ್ಲೇ ಹೊರಗೆ ಕಳಿಸಿದ. ಆಗ ದೊಡ್ಡಮ್ಮ ಸೆಟ್ಟಿನ ಇನ್ನೊಂದು ತುದಿಯಲ್ಲಿ ಹೀರೋ ಕಾಲಿಗೆ ಬೆಚ್ಚನೆ ಸಾಕ್ಸ್ ಹಾಕುತ್ತಿದ್ದಳು.

ಅಮ್ಮನಿಗೆ ನ್ಯುಮೋನಿಯಾ ಆಯಿತು. ಜೀವ ಉಳಿಯಿತು, ಉಸಿರು ಪೂರ್ತಿ ಉಳಿಯಲಿಲ್ಲ. ನಮ್ಮ ಮನೆ ಎರಡನೇ ಮಹಡಿಯಲ್ಲಿದೆ. ಪ್ರತಿ ನಾಲ್ಕು ಮೆಟ್ಟಿಲಿಗೊಮ್ಮೆ ಅಮ್ಮ ಕಂಬಿ ಹಿಡಿದು ನಿಲ್ಲುತ್ತಾಳೆ, ಯಾರಾದರೂ ನೋಡಿದರೆ ಕೀ ಹುಡುಕುವವಳ ಹಾಗೆ ನಟಿಸುತ್ತಾಳೆ. ಅವಳು ಮಾಡಿದ ಒಂದೇ ಒಂದು ದೊಡ್ಡ ಪಾತ್ರ ಅದು. ದೊಡ್ಡಮ್ಮ ಹಲ್ಲು ಕಡಿದಾಗಲೆಲ್ಲ ಅಮ್ಮನದು ಒಂದೇ ಮಾತು, ಹೋಗಲಿ ಬಿಡಕ್ಕ. ಇರುವೆ ಕಂಡರೂ ದಾಟಿಕೊಂಡು ಹೋಗುವ ಹೆಂಗಸು ನನ್ನ ಅಮ್ಮ. ನನಗೆ ಆ ಗುಣ ಬರಲಿಲ್ಲ, ನಾನು ದೊಡ್ಡಮ್ಮನ ಕಡೆ.

ದೊಡ್ಡಮ್ಮ ಆ ಮ್ಯಾನೇಜರನ ಸಿನಿಮಾಗಳನ್ನು ಬಿಡಲಿಲ್ಲ. ಬಿಟ್ಟರೆ ಅವನು ಕಣ್ಣಿಗೆ ಬೀಳುವುದು ಹೇಗೆ? ಸ್ವೆಟರ್ ಮೇಲೆ ಕೋಟು, ಕೋಟಿನ ಮೇಲೆ ಇನ್ನೆರಡು ಕೋಟು ಹಾಕುತ್ತಿದ್ದ ಅವನಿಗೆ ಗುಂಪಿನವರು ಇಟ್ಟ ಹೆಸರು ಮೂರುಕೋಟು. ಮೂರು ವರ್ಷ ದೊಡ್ಡಮ್ಮ ಅವನಿಗೆ ನಮಸ್ಕಾರ ಹೇಳುತ್ತಾ ಕಾದಳು.

ಈ ಚಳಿಗಾಲದಲ್ಲಿ ಕಾಲ ಕೂಡಿ ಬಂತು. ಬಸ್ ಸ್ಟಾಪಿನ ಸೀನು, ಸುಡುವ ಮಧ್ಯಾಹ್ನ, ಉದ್ದನೆಯ ಸಾಲು, ಸಾಲಲ್ಲಿ ಹೀರೋಯಿನ್. ಮಾನಿಟರ್ ನೋಡಿದ ನಿರ್ದೇಶಕರು ಸಾಲಲ್ಲಿ ಒಬ್ಬರು ಕಡಿಮೆ ಕಾಣುತ್ತಾರೆ ಎಂದರು. ಅವರನ್ನು ಮೆಚ್ಚಿಸಲು ಮೂರುಕೋಟು ನಾನೇ ನಿಲ್ತೀನಿ ಸಾರ್ ಎಂದು ಮುಂದೆ ಬಂದ. ಒಂದು ಶಾಟ್ ತಾನೇ, ಅರ್ಧ ಗಂಟೆಯ ಮಾತು ಅಂದುಕೊಂಡ. ದೊಡ್ಡಮ್ಮ ಅವನ ಮೂರೂ ಕೋಟು ಬಿಚ್ಚಿಸಿಕೊಂಡು, ಇದ್ದುದರಲ್ಲೇ ತೀರಾ ತೆಳುವಾದ ಅರ್ಧ ತೋಳಿನ ಶರ್ಟು ಹಾಕಿಸಿದಳು. ಬಿಸಿಲಲ್ವಾ ಸಾರ್ ಎಂದು ಮೇಲಿನ ಎರಡು ಗುಂಡಿಗಳನ್ನು ತಾನೇ ಬಿಚ್ಚಿದಳು. ಆಮೇಲೆ ಎತ್ತರ ಚೆನ್ನಾಗಿ ಹೊಂದುತ್ತದೆ ಎಂದು ಸಹಾಯಕ ನಿರ್ದೇಶಕನಿಗೆ ಹೇಳಿ, ಅವನನ್ನು ಸರಿಯಾಗಿ ಹೀರೋಯಿನ್ ಪಕ್ಕ ನಿಲ್ಲಿಸಿದಳು.

ಈ ಕೆಲಸದಲ್ಲಿ ಹಣ್ಣಾದವನು ಮಾಡಬಾರದ ತಪ್ಪು ಅದು. ಹೀರೋಯಿನ್ ಪಕ್ಕ ಒಮ್ಮೆ ಕಂಡ ಮುಖ ಆ ಸೀನು ಮುಗಿಯುವವರೆಗೂ ಅಲ್ಲೇ ಇರಬೇಕು, ಅದೇ ಶರ್ಟು, ಅದೇ ಗುಂಡಿ. ಸೀನು ನಾಲ್ಕು ದಿನದ್ದು. ಕಂಟಿನ್ಯುಟಿ ನೋಡುವ ಹುಡುಗಿ ಫೋಟೋ ಹಿಡಿದು, ಕೊರಳ ಬಳಿ ಬನಿಯನ್ ಕೂಡ ಕಾಣಬಾರದು ಸಾರ್ ಎಂದಳು. ಐಸ್ ತುಂಡು ಬಾಯಿಗೆ ಹೋಯಿತು. ಒಂದು ಪೇಪರ್ ಕೈಗೆ ಬಂತು, ಸೆಕೆ ಅಂತ ಗಾಳಿ ಬೀಸಿಕೊಳ್ಳಲು.

ಮೊದಲ ಬ್ರೇಕಿನಲ್ಲಿ ಅವನು ಡೇರೆಯ ಕಡೆ ಓಡಿದ. ಬಾಗಿಲಲ್ಲಿ ದೊಡ್ಡಮ್ಮ ಹೀರೋಯಿನ್ನಿನ ಕೋಟು ಹಿಡಿದು ನಿಂತಿದ್ದಳು. ಅವಳ ತಲೆಯ ಪಕ್ಕದಲ್ಲೇ ಅವನದೇ ಕಾಗದ.

"ಸಾರ್, ನಿಮಗೆ ಡೈಲಾಗ್ ಇದೆಯಾ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದಳು.

ಹಿಂದೆ ರಟ್ಟಿನ ಮೇಲೆ ನಿಂತಿದ್ದ ನಲವತ್ತು ಜನ ಇವನನ್ನೇ ನೋಡುತ್ತಿದ್ದರು. ಇವನು ಒಳಗೆ ಹೋದರೆ ನಲವತ್ತೂ ಜನ ಹಿಂದೆಯೇ ನುಗ್ಗುತ್ತಾರೆ. ಕಾಗದ ಕಿತ್ತರೆ ಮೀಸೆ ಮಣ್ಣಾಗುತ್ತದೆ. ಹೊರಗೆ ಗಾಳಿ ಚೆನ್ನಾಗಿದೆ ಎಂದು ಹೇಳಿ ವಾಪಸು ಹೋದ. ಮಾಡಿದ್ದುಣ್ಣೋ ಮಹರಾಯ. ಆ ಸಂಜೆ ದೊಡ್ಡಮ್ಮ ಇದನ್ನು ಅಭಿನಯಿಸಿ ತೋರಿಸಿದಾಗ ನಾನು ನಕ್ಕು ನಕ್ಕು ನೆಲಕ್ಕೆ ಬಿದ್ದೆ. ಹೊಟ್ಟೆ ತಣ್ಣಗಾಯಿತು. ಅಮ್ಮ ಮಾತ್ರ ಪಾಪ ಎಂದಳು.

ಎರಡನೇ ದಿನ ಶಾಟ್‌ಗಳ ನಡುವೆ ಹೊದೆಯಲು ಅವನ ಕೋಟುಗಳಿದ್ದವು ನಿಜ, ಆದರೆ ಅವು ಯಾಕೋ ಪ್ರತಿಸಲ ವ್ಯಾನಿನ ತಳದಲ್ಲಿ ಸಿಕ್ಕುತ್ತಿದ್ದವು, ತಡವಾಗಿ. ರಟ್ಟು ಮುಗಿದುಹೋಗಿರುತ್ತಿತ್ತು. ಮೂರನೇ ದಿನ ಅವನು ಬಟ್ಟೆಯ ವ್ಯಾನಿಗೇ ಬಂದ. ತುಟಿ ನೀಲಿ. ಕೆಮ್ಮುತ್ತಿದ್ದ. ನಮ್ಮ ಗೋಡೆಯಾಚೆಯಿಂದ ರಾತ್ರಿಯೆಲ್ಲ ಕೇಳುವ ಅಮ್ಮನ ಕೆಮ್ಮೇ ಅದು ಎಂದಳು ದೊಡ್ಡಮ್ಮ, ಒಂಚೂರೂ ವ್ಯತ್ಯಾಸವಿಲ್ಲ.

"ಅಕ್ಕ, ಒಳಗಡೆ ಏನಾದ್ರೂ ಹೊಲಿದು ಕೊಡಿ. ಬೆನ್ನಿಗಾದ್ರೂ," ಎಂದನಂತೆ. ಅಷ್ಟು ವರ್ಷದಲ್ಲಿ ಅಕ್ಕ ಎಂದದ್ದು ಅದೇ ಮೊದಲು.

ದೊಡ್ಡಮ್ಮ ಆಗ ಕೇಳಿದಳು, ಮೂರು ವರ್ಷದ ಹಿಂದೆ ಮಳೆ ಸೀನಿನ ದಿನ ಒದ್ದೆ ಬಟ್ಟೆಯಲ್ಲಿ ಡೇರೆಯಿಂದ ಒಬ್ಬಳನ್ನು ಹೊರಗೆ ಕಳಿಸಿದಿರಲ್ಲ, ನೆನಪಿದೆಯೇ ಎಂದು. ಅವನು ನಿಜವಾಗಿಯೂ ಯೋಚಿಸಿದನಂತೆ. ದಿನಾ ಎಷ್ಟೋ ಜನರನ್ನು ಕಳಿಸಿರುತ್ತೇನೆ, ಯಾರನ್ನಂತ ನೆನಪಿಟ್ಟುಕೊಳ್ಳಲಿ ಎಂದ.

ಇಷ್ಟಾದ ಮೇಲೂ ಆ ಸಂಜೆ ದೊಡ್ಡಮ್ಮ ಶರ್ಟನ್ನು ಮನೆಗೆ ತಂದಳು. ಕ್ಯಾಮೆರಾಗೆ ಕಾಣದ ಹಾಗೆ ಬೆನ್ನಿಗೂ ಪಕ್ಕೆಗಳಿಗೂ ತೆಳು ಉಣ್ಣೆಯ ಒಳಪದರ ಕೂರಿಸಿ ಹೊಲಿದಳು. ನನಗೆ ಮೈ ಉರಿಯಿತು, ಇವನಿಗೆ ಇಷ್ಟು ಸಣ್ಣ ಹೊಲಿಗೆ ಬೇರೆ ಕೇಡು ಎಂದೆ. ದೊಡ್ಡಮ್ಮ ತಲೆ ಎತ್ತಲಿಲ್ಲ. "ಆ ಕೆಮ್ಮು ಕೇಳೋಕಾಗಲ್ಲ ಕಣೆ," ಎಂದಳು ಅಷ್ಟೆ.

ಮಂಚದ ಮೇಲೆ ಕೂತಿದ್ದ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಹೊಲಿಗೆ ಮುಗಿದ ಮೇಲೆ ಶರ್ಟನ್ನು ಕೈಗೆ ತೆಗೆದುಕೊಂಡು, ಉಣ್ಣೆಯ ಮೇಲೆ ಅಂಗೈ ಇಟ್ಟು ನೋಡಿದಳು.

"ಅವರಿಗೆ ನನ್ನ ನೆನಪೇ ಇಲ್ವಾ ಅಕ್ಕ?"

ದೊಡ್ಡಮ್ಮನಿಗೆ ಅಮ್ಮನ ಹತ್ತಿರ ಸುಳ್ಳು ಬರುವುದಿಲ್ಲ. ಇಲ್ಲ ಎಂದಳು.

ಅಮ್ಮ ನನ್ನ ಕಡೆ ಕೈ ಚಾಚಿ ಕತ್ತರಿ ಕೇಳಿದಳು. ಒಂದೊಂದೇ ಹೊಲಿಗೆ ಬಿಚ್ಚಿದಳು. ಒಂದು ಪಕ್ಕೆ ಮುಗಿಯುವಷ್ಟರಲ್ಲಿ ಎರಡು ಸಲ ಉಸಿರಿಗೆ ನಿಂತಳು. ನಾನು ಬಿಚ್ಚಿಕೊಡುತ್ತೇನೆ ಎಂದರೆ ಕೊಡಲಿಲ್ಲ. ದೊಡ್ಡಮ್ಮ ಮೂರು ವರ್ಷ ಇಸ್ತ್ರಿ ಪೆಟ್ಟಿಗೆಯಲ್ಲಿ ಒತ್ತಿಟ್ಟದ್ದೆಲ್ಲ ಅಮ್ಮನ ಹೊಟ್ಟೆಯಲ್ಲೂ ಇತ್ತೆಂದು ನಮಗೆ ಗೊತ್ತೇ ಇರಲಿಲ್ಲ.

ಉಣ್ಣೆಯನ್ನು ಮಡಚಿ ತನ್ನ ಬೆನ್ನ ಹಿಂದೆ ಇಟ್ಟುಕೊಂಡಳು. ಬರೀ ಶರ್ಟನ್ನು ದೊಡ್ಡಮ್ಮನ ಕೈಗೆ ಕೊಟ್ಟಳು. "ನಾಳೆ ಕೊಡೋವಾಗ, ಅವತ್ತು ನೀವು ಹೊರಗೆ ಕಳಿಸಿದ ನನ್ನ ತಂಗಿ ಉಣ್ಣೆ ಬಿಚ್ಚಿದ್ಲು ಅಂತ ಹೇಳು. ಇನ್ನು ನೆನಪಿರತ್ತೆ."

ದೊಡ್ಡಮ್ಮ ಹಾಗೇ ಹೇಳಿದಳು. ಅವನು ಶರ್ಟಿನೊಳಗೆ ಕೈ ಹಾಕಿ, ಬೆನ್ನಿನ ಉದ್ದಕ್ಕೂ ಉಳಿದಿದ್ದ ಸೂಜಿಯ ತೂತುಗಳನ್ನು ಬೆರಳಲ್ಲಿ ತಡವಿದನಂತೆ. ಅವರು ಈಗ ಹೇಗಿದ್ದಾರೆ ಎಂದು ಕೇಳಿದನಂತೆ.

ದೊಡ್ಡಮ್ಮ ಐಸ್ ತುಂಡನ್ನು ಅವನ ಅಂಗೈಯಲ್ಲಿಟ್ಟು, ಶಾಟ್ ರೆಡಿ ಎಂದಳು.