ತಿರುಗಿಸಿ ಹಿಡಿದ ಹೃದಯ

ಲೋರೆಟ ವಾಸೆಕ್‌ಳ ಮುಖ ನೋಡಿದವರಿಗಿಂತ ಅವಳ ಕೈ ನೋಡಿದವರೇ ಹೆಚ್ಚು. ನೀಲಿ ಗವಸು ತೊಟ್ಟ ಎರಡು ಕೈ, ಅಡುಗೆಮನೆಯ ಮರದ ಹಲಗೆ, ಹಲಗೆಯ ಮೇಲೆ ಒಂದು ದನದ ಹೃದಯ. ಅಮೆರಿಕದ ಮೊಂಟಾನಾದಲ್ಲೋ ಮೇನ್‌ನಲ್ಲೋ ಯಾವುದೋ ಸಣ್ಣ ಕಾಲೇಜಿನಲ್ಲಿ ನರ್ಸ್ ಆಗಲು ಓದುತ್ತಿದ್ದವರಿಗೆ ಅವಳೆಂದರೆ ಆ ಕೈ ಮತ್ತು ಆ ದನಿ. ಹೆಂಗಸಿನ ದನಿಗೆ ಸ್ವಲ್ಪ ದಪ್ಪ, ಬೆಳಗಿನ ಕೆಮ್ಮು ಇನ್ನೂ ಬಿಟ್ಟಿಲ್ಲದಂಥ ದನಿ.

"ಎರಡೂ ಬದಿ ಹಿಂಡಿ ನೋಡ್ರಮ್ಮ. ಮೆತ್ತಗಿರೋದು ಬಲ, ಗಟ್ಟಿಯಾಗಿರೋದು ಎಡ. ಕಣ್ಣು ಮೋಸ ಮಾಡುತ್ತೆ, ಹೆಬ್ಬೆರಳು ಮಾಡಲ್ಲ."

ನೆಬ್ರಾಸ್ಕಾದ ಪೂರ್ವಕ್ಕಿರುವ ಆ ಊರಿನಲ್ಲಿ ಅವಳ ಅಪ್ಪನದು ಮಾಂಸದಂಗಡಿ. ಶಾಲೆ ಮುಗಿಸಿ ಬಂದ ಹುಡುಗಿ ಅಲ್ಲೇ ಕೌಂಟರಿನ ಹಿಂದೆ ನಿಂತು ಗುಂಡಿಗೆ, ಮೂತ್ರಪಿಂಡ, ನಾಲಿಗೆ ಎಲ್ಲವನ್ನೂ ಬೇರೆಬೇರೆ ತಟ್ಟೆಗೆ ಹಾಕಿ ಬೆಳೆದವಳು. ಮುಂದೆ ಓದಿ, ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಅಂಗರಚನೆಯ ಪಾಠ ಹಿಡಿದಳು. ಕೊನೆಯವರೆಗೂ ಅವಳು ಅರೆಕಾಲಿಕ ಶಿಕ್ಷಕಿ. ಒಂದು ಸೆಮಿಸ್ಟರಿಗೆ ಕ್ಲಾಸು ಕೊಟ್ಟರೆ ಇದ್ದಾಳೆ, ಕೊಡದಿದ್ದರೆ ಇಲ್ಲ. ಅವಳಿಗೆ ಕಾಲೇಜಿನಲ್ಲಿ ಕೋಣೆ ಇರಲಿಲ್ಲ. ಕಾರಿನ ಡಿಕ್ಕಿಯೇ ಅವಳ ಕಚೇರಿ. ಅಸ್ಥಿಪಂಜರದ ಒಂದು ತೋಳು ಅದರಲ್ಲಿ ಸದಾ ಬಿದ್ದಿರುತ್ತಿತ್ತು.

ಅವಳ ಕ್ಲಾಸಿನಲ್ಲಿ ಕೂರುತ್ತಿದ್ದವರು ಬರೀ ಎಳೆಯರಲ್ಲ. ಮಕ್ಕಳನ್ನು ದೊಡ್ಡದು ಮಾಡಿ, ಗಂಡನನ್ನು ಬಿಟ್ಟು, ಇನ್ನಾದರೂ ಒಂದು ಕೆಲಸ ಕಲಿಯೋಣ ಎಂದು ಬಂದ ಹೆಂಗಸರೂ ಇರುತ್ತಿದ್ದರು. ಹೃದಯಕ್ಕೆ ಎಷ್ಟು ಕೋಣೆ ಎಂಬುದು ಅವರಲ್ಲೊಬ್ಬಳಿಗೆ ಮರೆತುಹೋದಾಗ ಲೋರೆಟ ಹೇಳಿದ್ದಳು: "ನಿನ್ನ ಹಳೇ ಗಂಡನಿಗೂ ನಾಲ್ಕೇ ಇದ್ದಿದ್ದು ಕಣೇ. ಒಂದ್ರಲ್ಲೂ ನಿಂಗೆ ಜಾಗ ಕೊಡ್ಲಿಲ್ಲ, ಅಷ್ಟೆ." ಆ ಹೆಂಗಸು ಈಗ ಹೃದ್ರೋಗದ ವಾರ್ಡಿನಲ್ಲಿ ನರ್ಸ್.

ಸೋಂಕಿನ ವರ್ಷ ಲ್ಯಾಬಿಗೆ ಬೀಗ ಬಿತ್ತು. ಮಾಂಸದಂಗಡಿಗೆ ಬೀಳಲಿಲ್ಲ. ಅಪ್ಪನ ಅಂಗಡಿಯನ್ನು ನಡೆಸುತ್ತಿದ್ದ ದಾಯಾದಿಯಿಂದ ಲೋರೆಟ ವಾರಕ್ಕೊಂದು ಅಂಗ ತಂದು ಅಡುಗೆಮನೆಯಲ್ಲೇ ಕೊಯ್ಯತೊಡಗಿದಳು. ಕೊಯ್ಲಿನ ಯಂತ್ರಗಳನ್ನು ರಿಪೇರಿ ಮಾಡುವ ಗಂಡ ಎಮಿಲ್ ಮೇಜಿನ ಮೇಲಿನ ದೀಪಕ್ಕೆ ತಂತಿ ಸುತ್ತಿ ಫೋನನ್ನು ತೂಗುಹಾಕಿದ. ಒಂದು ವಿಡಿಯೊದಲ್ಲಿ ಅವನು ಸೀನಿದ್ದೂ ಇದೆ. ಲೋರೆಟ ತಲೆಯೆತ್ತದೆ, "ಸೀನಿದ್ದು ನನ್ನ ಗಂಡ, ಹೃದಯ ಅಲ್ಲ. ಮುಂದೆ ನೋಡಿ," ಎನ್ನುತ್ತಾಳೆ.

ಆ ಪಾಠಗಳನ್ನು ಅವಳು ಕಾಲೇಜು ಕೊಟ್ಟ ತನ್ನ ಖಾತೆಯಲ್ಲಿಟ್ಟು, ಬೇಕಾದವರು ನೋಡಲಿ ಎಂದು ಬಾಗಿಲು ತೆರೆದಳು. ಬೇರೆ ಊರುಗಳ ಶಿಕ್ಷಕರು ಒಬ್ಬರಿಂದ ಒಬ್ಬರು ತಿಳಿದು ತಮ್ಮ ಕ್ಲಾಸಿಗೆ ಅದರ ಲಿಂಕ್ ಹಾಕಿಕೊಂಡರು. ಆಗಲೇ ಮೊಂಟಾನಾದಿಂದ ಫಿಲಿಸ್ ಎಂಬ ಶಿಕ್ಷಕಿ ಮೆಲ್ಲಗೆ ಬರೆದಳು: ಹೃದಯದ ಪಾಠದಲ್ಲಿ ನೀವು ಅದನ್ನು ಹಿಂದುಮುಂದಾಗಿ ಹಿಡಿದಿದ್ದೀರಿ, ಎಡವನ್ನು ಬಲ ಎನ್ನುತ್ತಿದ್ದೀರಿ.

ಲೋರೆಟ ಆ ದಿನ ಊಟ ಮಾಡಲಿಲ್ಲ. "ಕಟುಕನ ಮಗಳು ನಾನು! ನಮ್ಮಪ್ಪ ಇದ್ದಿದ್ರೆ ಕತ್ತಿಯ ಹಿಡಿಯಲ್ಲೇ ಕೊಡ್ತಿದ್ದ," ಎಂದು ಲ್ಯಾಬ್ ನೋಡಿಕೊಳ್ಳುವ ಗೆಳತಿ ಡಾರ್ಲಾಳಿಗೆ ಫೋನಿನಲ್ಲಿ ಹೇಳಿದಳು. ಮರುದಿನ ಹೊಸ ಹೃದಯ ತಂದು ಪಾಠವನ್ನು ಮತ್ತೆ ಮಾಡಿದಳು. ಹೆಬ್ಬೆರಳಿನ ಮಾತು ಹುಟ್ಟಿದ್ದು ಈ ಎರಡನೆಯ ಪಾಠದಲ್ಲಿ. ಅಂದಿನಿಂದ ಪ್ರತಿ ಪಾಠದ ತಲೆಯ ಮೇಲೂ ಒಂದು ಸಾಲು ಕೂತಿತು: ದಯವಿಟ್ಟು ಇಳಿಸಿಕೊಳ್ಳಬೇಡಿ, ಇಲ್ಲಿಗೇ ಬಂದು ನೋಡಿ, ನಾನು ತಿದ್ದುತ್ತಿರುತ್ತೇನೆ.

"ಒಂದು ಪ್ರತಿ ಆದ್ರೂ ನನ್ ಹತ್ರ ಇರ್ಲಿ ಬಿಡೇ," ಎಂದು ಡಾರ್ಲಾ ಕೇಳಿದ್ದುಂಟು.

"ಇಟ್ಕೊಂಡು? ನಾನಿಲ್ಲಿ ತಿದ್ದಿರ್ತೀನಿ, ನಿನ್ ಹತ್ರ ತಪ್ಪು ಹಾಗೇ ಕೂತಿರುತ್ತೆ. ಅದನ್ನ ನೋಡಿ ಒಬ್ಳು ನರ್ಸ್ ಆಗ್ತಾಳೆ. ಬೇಡ."

ಮನೆಯ ಹಳೆಯ ಕಂಪ್ಯೂಟರಿನಲ್ಲಿ ಜಾಗ ಸಾಲದೆ, ಮೇಲೇರಿಸಿದ ಕೂಡಲೇ ಅವಳೇ ಮೂಲವನ್ನು ಅಳಿಸುತ್ತಿದ್ದಳು.

ಕಾಯಿಲೆ ಅವಳ ನಾಲಿಗೆಯಿಂದ ಶುರುವಾಯಿತು. ಮಾತು ತೊದಲಿತು. ಮಿಸೆಸ್ ವಾಸೆಕ್ ಕುಡಿದು ಕ್ಲಾಸಿಗೆ ಬರುತ್ತಾರೆ ಎಂದು ಒಬ್ಬ ವಿದ್ಯಾರ್ಥಿ ದೂರು ಕೊಟ್ಟ. ಡೀನ್ ಕರ್ಟಿಸ್ ಕರೆಸಿ ಕೇಳಿದಾಗ ಅವಳು ನಕ್ಕಳು. "ಹಾಗಾಗಿದ್ರೆ ಚೆನ್ನಾಗಿತ್ತು ಕರ್ಟಿಸ್," ಎಂದಳು. ಆ ಹೊತ್ತಿಗೆ ಅವಳಿಗೆ ಗೊತ್ತಿತ್ತು. ನರ ಸತ್ತರೆ ಸ್ನಾಯು ಹೇಗೆ ಒಣಗುತ್ತದೆ ಎಂಬುದು ಅವಳು ಪ್ರತಿ ವರ್ಷ ಹೇಳುತ್ತಿದ್ದ ಪಾಠ. ತನ್ನ ನಾಲಿಗೆ ಅದುರುವುದನ್ನು ಅವಳು ಕನ್ನಡಿಯಲ್ಲಿ ತಾನೇ ನೋಡಿಕೊಂಡಿದ್ದಳು.

ಬೇಸಿಗೆಯ ಹೊತ್ತಿಗೆ ದನಿ ಪೂರಾ ಹೋಯಿತು. ಡಾರ್ಲಾ ಲ್ಯಾಬಿನಿಂದ ಒಂದು ಪುಟ್ಟ ಬಿಳಿ ಹಲಗೆ ತಂದುಕೊಟ್ಟಳು. ಲೋರೆಟ ಅದರ ಮೇಲೆ ಬರೆದ ಮೊದಲ ಮಾತು: ಪಾಠಗಳು ಉಳಿಯಬೇಕು.

ಅವಳು ಇನ್ನು ಕಲಿಸಲು ಉಳಿದಿದ್ದ ದಾರಿ ಅದೊಂದೇ. ಅದಕ್ಕಿದ್ದ ಅಪಾಯವೂ ಒಂದೇ. ಕ್ಲಾಸಿಲ್ಲದ ಅರೆಕಾಲಿಕ ಶಿಕ್ಷಕರ ಖಾತೆಯನ್ನು ಕಾಲೇಜಿನ ಯಂತ್ರ ತಾನಾಗಿ ಮುಚ್ಚುತ್ತದೆ, ಸ್ವಲ್ಪ ದಿನ ಕಾದು ಒಳಗಿದ್ದದ್ದನ್ನು ಅಳಿಸುತ್ತದೆ. ಅಲ್ಲಿನವರಿಗೆಲ್ಲ ಅದಕ್ಕೊಂದು ಉಪಾಯ ಗೊತ್ತು: ಕಷ್ಟದಲ್ಲಿರುವವರ ಹೆಸರಿಗೆ ಒಂದು ಚಿಕ್ಕ ಕ್ಲಾಸು ಬರೆಸುವುದು. ಡಾರ್ಲಾ ಕರ್ಟಿಸನ ಬೆನ್ನು ಬಿಡದೆ, ವೈದ್ಯಕೀಯ ಪದಗಳ ಪಾಠವೊಂದನ್ನು ಲೋರೆಟಳ ಹೆಸರಿಗೆ ಹಾಕಿಸಿದಳು. ಎಲ್ಲ ಬರಹದಲ್ಲೇ ನಡೆಯುವ ಕ್ಲಾಸು, ದನಿ ಬೇಡ. ಪ್ರತಿಯ ಮಾತನ್ನು ಅವಳು ಮತ್ತೆ ಎತ್ತಿದಾಗ ಲೋರೆಟ ಹಲಗೆಯ ಮೇಲೆ ಬರೆದಳು: ಕಿಡ್ನಿಯ ಪಾಠ ತಿದ್ದಿದ ಮೇಲೆ.

ಹತ್ತು ಜನ ಸೇರದಿದ್ದರೆ ಕ್ಲಾಸು ರದ್ದು. ಆಗಸ್ಟಿನಲ್ಲಿ ಏಳೇ ಹೆಸರಿದ್ದವು. ಎಮಿಲ್ ತಾನೇ ಹೋಗಿ ಹೆಸರು ಬರೆಸಿದ. ಚರ್ಚಿನ ನೆಲಮಾಳಿಗೆಯಲ್ಲಿ ತನ್ನೊಡನೆ ಇಸ್ಪೀಟಾಡುವ ಇಬ್ಬರನ್ನೂ ಎಳೆದುಕೊಂಡು ಹೋದ. ಮೂವರಿಗೂ ಎಪ್ಪತ್ತರ ಹತ್ತಿರ.

"ಈ ವಯಸ್ಸಲ್ಲಿ ನಿಂಗ್ಯಾಕೋ ವೈದ್ಯಕೀಯ ಪದ?" ಎಂದು ಡಾರ್ಲಾ ರೇಗಿಸಿದಳು.

"ನಮ್ಮ ಡಾಕ್ಟ್ರು ನನ್ನನ್ನ ಏನಂತ ಬೈತಾರೆ ಅಂತ ತಿಳ್ಕೊಳ್ಳೋಕೆ," ಎಂದ ಎಮಿಲ್.

ಹತ್ತಾಯಿತು. ಗಸಗಸೆ ತುಂಬಿದ ಬನ್ನುಗಳನ್ನು ತಂದು ಹಂಚಿದ. ನುಂಗಲಾಗದ ಲೋರೆಟ ಒಂದನ್ನು ಕೈಯಲ್ಲಿ ಹಿಡಿದು ಮೂಸಿ ನೋಡಿ ಅವನಿಗೇ ಕೊಟ್ಟಳು.

ಕ್ಲಾಸು ಶುರುವಾಗುವ ಮೊದಲೇ ಹೊಟ್ಟೆಗೆ ಕೊಳವೆ ಹಾಕಿಸಲು ಅವಳು ಆಸ್ಪತ್ರೆ ಸೇರಿದಳು. ನಂಜಾಗಿ ಅಲ್ಲೇ ಉಳಿದಳು. ಡಾರ್ಲಾ ದಿನ ಬಿಟ್ಟು ದಿನ ಅಲ್ಲಿಗೆ ಓಡಾಡುತ್ತಿದ್ದಳು. ಹತ್ತು ಜನ ಸೇರಿದ್ದಾರಲ್ಲ, ಅವಳು ಎದ್ದು ಬಂದ ಮೇಲೆ ಪಾಠ ಶುರುವಾದರಾಯಿತು ಎಂಬ ನೆಮ್ಮದಿ ಎಲ್ಲರಿಗೂ ಇತ್ತು. ಅಕ್ಟೋಬರಿನಲ್ಲಿ ಫಿಲಿಸ್‌ಳಿಂದ ಡಾರ್ಲಾಳಿಗೆ ಒಂದು ಸಾಲು ಬಂತು: ನಾಳೆ ನಮ್ಮಲ್ಲಿ ಹೃದಯದ ಲ್ಯಾಬ್, ಲೋರೆಟಳ ಪುಟ ಖಾಲಿ ಬರುತ್ತಿದೆ, ಏನಾಗಿದೆ?

ಡಾರ್ಲಾ ಕರ್ಟಿಸನ ಕೋಣೆಗೆ ಓಡಿದಳು. ಅವನು ಪರದೆಯ ಮೇಲೆ ಲೋರೆಟಳ ಕ್ಲಾಸನ್ನು ಹುಡುಕಿ ತೆಗೆದ.

"ಅರವತ್ತೈದು ದಾಟಿದವರಿಗೆ ಓದು ಪುಕ್ಕಟೆ, ಡಾರ್ಲಾ. ಪುಕ್ಕಟೆ ಸೇರಿದವರನ್ನ ಲೆಕ್ಕಕ್ಕೆ ಹಿಡಿಯಲ್ಲ. ಮೊದಲ ವಾರವೇ ಕ್ಲಾಸು ರದ್ದಾಗಿದೆ."

"ಯಾರಿಗೂ ಒಂದು ಮಾತು ಹೇಳ್ಬಾರ್ದಿತ್ತಾ?"

"ಅವಳಿಗೆ ಮೇಲ್ ಹೋಗಿದೆ."

"ಯಾವ ಮೇಲ್‌ಗೆ?"

ಕರ್ಟಿಸ್ ಪರದೆಯನ್ನು ಅವಳ ಕಡೆ ತಿರುಗಿಸಿದ. ಹೋದದ್ದು, ಮುಚ್ಚಿದ ಖಾತೆಗೇ.

"ವಾಪಸ್ ತೆಗೀರಿ."

"ಆಗಲ್ಲ. ಅಳಿಸಿಹೋಗಿದೆ. ನಾವ್ಯಾರೂ ಮುಚ್ಚಿದ್ದಲ್ಲ ಡಾರ್ಲಾ, ಮಿಷಿನ್ನು ಮುಚ್ಚಿದ್ದು."

"ಮಿಷಿನ್ನು ಅವಳ ಕ್ಲಾಸಲ್ಲಿ ಕೂತಿದ್ದಿದ್ರೆ ಹಾಗೆ ಮಾಡ್ತಿರ್ಲಿಲ್ಲ," ಎಂದಳು ಡಾರ್ಲಾ.

ಗೊತ್ತಿದ್ದ ಶಿಕ್ಷಕರಿಗೆಲ್ಲ ಬರೆದು ಕೇಳಿದಳು. ಎಲ್ಲರದೂ ಒಂದೇ ಉತ್ತರ, ಎಲ್ಲರದೂ ಸಂಕಟದ ಉತ್ತರ: ಇಳಿಸಿಕೊಳ್ಳಬೇಡಿ ಎಂದಿದ್ದರಲ್ಲ. ಅಷ್ಟು ಜನ ಅಷ್ಟು ಚೆನ್ನಾಗಿ ಅವಳ ಮಾತು ಕೇಳಿದ್ದರು. ಫಿಲಿಸ್ ಬಳಿ ಮಾತ್ರ ಒಂದು ಉಳಿದಿತ್ತು. ತಪ್ಪು ಎಲ್ಲಿದೆಯೆಂದು ತೋರಿಸಲು ಆಗ ಇಳಿಸಿಕೊಂಡದ್ದು. ಮೊದಲನೆಯ ಹೃದಯ, ತಿರುಗಿಸಿ ಹಿಡಿದದ್ದು.

ಆಸ್ಪತ್ರೆಯಿಂದ ಮನೆಗೆ ಬಂದ ಲೋರೆಟಳಿಗೆ ಡಾರ್ಲಾ ಅಡುಗೆಮನೆಯ ಮೇಜಿನ ಮುಂದೆ ಎಲ್ಲವನ್ನೂ ಹೇಳಿದಳು. ಲೋರೆಟ ಅಳಲಿಲ್ಲ. ಎಮಿಲನ ಕಡೆ ನೋಡಿದಳು. ಅವನು ತಲೆ ತಗ್ಗಿಸಿ, "ನಾವು ಮೂವರೂ ದುಡ್ಡು ಕೊಟ್ಟೇ ಸೇರ್ತಿದ್ವಲ್ಲೇ. ಯಾರಾದ್ರೂ ಹೇಳಿದ್ರೆ," ಎಂದ. ಅವಳು ಅವನ ಮೊಣಕೈ ಮುಟ್ಟಿದಳು.

ಡಾರ್ಲಾ ಫಿಲಿಸ್ ಕಳಿಸಿಕೊಟ್ಟಿದ್ದ ಆ ಉಳಿದ ಪಾಠವನ್ನು ಹಾಕಿದಳು. ತಿಂಗಳುಗಳಿಂದ ಸದ್ದಿಲ್ಲದ ಆ ಅಡುಗೆಮನೆಯಲ್ಲಿ ಲೋರೆಟಳ ದನಿ ತುಂಬಿತು, ಗಟ್ಟಿಯಾಗಿ, ಅವಸರವಿಲ್ಲದೆ. ಎಮಿಲ್ ಗೋಡೆಗೆ ತಿರುಗಿ ನಿಂತ. ತಪ್ಪಿನ ಜಾಗ ಬಂದಾಗ ಲೋರೆಟಳ ಗೆಣ್ಣು ಮೇಜನ್ನು ಕುಟ್ಟಿತು. ಆಗಲೇ ಸೋತಿದ್ದ ಬೆರಳುಗಳಲ್ಲಿ ಅವಳು ಪೆನ್ನು ಹಿಡಿದು ಬರೆದಳು: ಅಳಿಸು. ಫಿಲಿಸ್‌ಗೂ ಹೇಳು.

"ನಿನ್ ದನಿ ಇರೋದು ಇದೊಂದೇ ಕಣೇ," ಎಂದಳು ಡಾರ್ಲಾ.

ಲೋರೆಟ ಬರೆದದ್ದರ ಕೆಳಗೆ ಗೆರೆ ಎಳೆದಳು.

"ಲೊರೀ," ಎಂದ ಎಮಿಲ್, ಗೋಡೆಯ ಕಡೆಯಿಂದಲೇ. "ನಾನೇನು ನರ್ಸ್ ಆಗ್ತೀನಾ?"

ಅವಳು ಅವನ ಬೆನ್ನನ್ನು ನೋಡಿದಳು. ಆಮೇಲೆ ಅಂಗೈಯಿಂದ ಹಲಗೆಯನ್ನು ಒರೆಸಿ ಇನ್ನೊಂದು ಸಾಲು ಬರೆದಳು. ಅಕ್ಷರಗಳು ಸೊಟ್ಟಗಿದ್ದವು. ನೀನೊಬ್ಬನೇ. ಪ್ರತಿ ಸಲ ತಿದ್ದಬೇಕು.

ಫಿಲಿಸ್ ತನ್ನದನ್ನು ಅಳಿಸಿದಳು. ಫೆಬ್ರವರಿಯಲ್ಲಿ, ಚಳಿಗೆ ನೆಲ ಕಲ್ಲಾಗಿದ್ದ ದಿನಗಳಲ್ಲಿ, ಲೋರೆಟ ತೀರಿಕೊಂಡಳು. ಕಾಲೇಜು ಈಗ ಒಂದು ಕಂಪನಿಯಿಂದ ಸಿದ್ಧ ಪಾಠಗಳನ್ನು ತರಿಸುತ್ತಿದೆ. ಅದರ ಹೃದಯ ಬಣ್ಣಬಣ್ಣವಾಗಿ ಮಿಡಿಯುತ್ತದೆ, ಎಲ್ಲೂ ತಪ್ಪಿಲ್ಲ, ಯಾರೂ ಸೀನುವುದಿಲ್ಲ. ಡಾರ್ಲಾ ಅದನ್ನು ಹಾಕಿಕೊಟ್ಟು ಹೊರಗೆ ಬಂದು ನಿಲ್ಲುತ್ತಾಳೆ.

ವಾರಕ್ಕೊಮ್ಮೆ ಅವಳು ಎಮಿಲನಿಗೆ ಸಾರು ತೆಗೆದುಕೊಂಡು ಹೋಗುತ್ತಾಳೆ. ಮೆಟ್ಟಿಲಲ್ಲೇ ಆ ದನಿ ಕೇಳುತ್ತದೆ. ಎಮಿಲ್ ಮೇಜಿನ ಮುಂದೆ ಕೂತಿರುತ್ತಾನೆ, ಟೋಪಿ ತೆಗೆದಿಟ್ಟು. ಆ ಜಾಗ ಬಂದಾಗ ಪರದೆಯ ಕಡೆ ಬಾಗುತ್ತಾನೆ.

"ಅದು ಎಡ, ಲೊರೀ," ಎನ್ನುತ್ತಾನೆ. "ಹಿಂಡಿ ನೋಡು."

ಅವಳು ನಿಲ್ಲುವುದಿಲ್ಲ. ಬಲ ಎಂದೇ ಹೇಳಿ ಮುಂದಕ್ಕೆ ಹೋಗುತ್ತಾಳೆ.