ಪ್ರತಿಷ್ಠಿತ ಅಂದ್ರ ನಮ್ದ

ನಮ್ಮ ಅತ್ತಿ ಇಳಕಲ್ ಸೀರಿಗೆ ಸೆರಗು ಕೂಡಸಾಕಿ. ಸೀರಿ ಮೈಯಿಂದ ನೂಲಿನ ಎಳಿ, ಸೆರಗಿಂದ ರೇಷ್ಮಿ ಎಳಿ, ಒಂದೊಂದಕ್ಕ ಕೊಂಡಿ ಹಾಕಿ ಜೋಡಸಬೇಕು. ಅದಕ್ಕ ಕಣ್ಣು ಬೇಕ ಬೇಕು. ಆಕಿಗೆ ಎರಡೂ ಕಣ್ಣಿಗೆ ಪೊರಿ ಬಂತು. ಬಾಗಲಕೋಟಿ ದವಾಖಾನ್ಯಾಗ ಡಾಕ್ಟರು, "ಭಾಳ ಮಾಗೇತಿ, ಬಲಗಣ್ಣಿಗೆ ಧೋಕಾ ಐತಿ, ತಡಾ ಮಾಡಬ್ಯಾಡ್ರಿ" ಅಂತ ಹೇಳಿ ಮುಂದಿನ ಸೋಮವಾರಕ್ಕ ಕರದ್ರು. ಆಪರೇಷನ್ ರೊಕ್ಕ ನಮ್ಮೂರ ಸೊಸೈಟ್ಯಾಗ ಇತ್ತು, ಹಿಂಗಾಗಿ ಚಿಂತಿ ಇರಲಿಲ್ಲ.

ಕೊರೋನಾ ಹೊಡತಕ್ಕ ಸೀರಿ ವ್ಯಾಪಾರ ಬಿದ್ದು ಮಲಗಿದ್ದ ಕಾಲ ಅದು. ಅದರಾಗ ಒಂದು ಮುಂಜಾನಿ ಟೀವಿಯಾಗ ಸೂಟು ಹಾಕ್ಕೊಂಡ ಪುಣ್ಯಾತ್ಮ ಒಬ್ಬ, "ಬಾಗಲಕೋಟೆ ಜಿಲ್ಲೆಯ ಪ್ರತಿಷ್ಠಿತ ಸೊಸೈಟಿಯೊಂದು ಮುಳುಗುವ ಹಂತದಲ್ಲಿದೆ" ಅಂದ. ಹೆಸರ ಹೇಳಲಿಲ್ಲ. ಅಂವಗ ಜವಾಬ್ದಾರಿ ಅನ್ನೋದು ಐತಿ ನೋಡ್ರಿ, ಹೆಸರ ಹೇಳಿದ್ರ ಮಂದಿ ಗಾಬರಿ ಆಗ್ತಾರಂತ!

ಇನ್ನ ನಮ್ಮ ಮಂದಿ ಏನ್ ಕಡಿಮಿ? ಪ್ರತಿಷ್ಠಿತ ಅಂದಕೂಡ್ಲೆ ಇಳಕಲ್ಲಿನವರು "ಮತ್ತ ಯಾರದಿರ್ತೈತಿ, ನಮ್ದ!" ಅಂತ ರೊಕ್ಕ ತಗಿಯಾಕ ಓಡಿದ್ರು. ಹುನಗುಂದದಿಂದ ನನ್ನ ತಂಗಿ ಫೋನ್ ಹಚ್ಚಿ, "ಏನಕ್ಕಾ, ನಿಮ್ದು ಯಾವಾಗ ಪ್ರತಿಷ್ಠಿತ ಆಗಿತ್ತ? ಅದು ನಮ್ದ" ಅಂತ ಜಗಳಾನ ತಗದ್ಲು. ಬಾದಾಮ್ಯಾಗೂ ಪಾಳಿ, ಕುಳಗೇರಿ ಕ್ರಾಸಿನಾಗೂ ಪಾಳಿ. ಮುಳುಗೂದ್ರಾಗೂ ಒಂದೂರೂ ಹಿಂದ ಸರೀಲಿಲ್ಲ.

ನನ್ನ ಗಂಡ, "ನಮ್ಮ ಸೊಸೈಟಿ ಗಟ್ಟಿ ಐತಿ, ಗದ್ಲಾ ಮಾಡಬ್ಯಾಡ" ಅಂತ ಕುಂತ. ಖರೇನ, ಮುಂಜಾನಿ ತನಕಾ ಗಟ್ಟೀನ ಇತ್ತು. ನಾ ಅತ್ತಿ ಕೈ ಹಿಡಕೊಂಡು ಹೋಗೂದ್ರಾಗ ಬಾಗಲಾ ಹಾಕಿದ್ರು. ಹುಚ್ಚಮುಂಡಿ ಮದುವ್ಯಾಗ ಉಂಡಾಂವನ ಜಾಣ. ಮುಂದ ನಿಂತವರು ಉಂಡು ಹೋಗಿದ್ರು.

ಅಷ್ಟರಾಗ ಅದ ಟೀವಿಯವರು ಬಂದ್ರು. ಅತ್ತಿ ಮಾರಿ ಮುಂದ ಮೈಕ್ ಹಿಡಿದು, "ಅಜ್ಜಿ, ಹೇಗನಿಸ್ತಿದೆ?" ಅಂದ್ರು. "ಯಾರಪಾ ನೀ, ಕಾಣವಲ್ಲಿ" ಅಂದ್ಲು ಆಕಿ. ಅದನ್ನ ಮರುದಿನ ಪೂರ್ತಿ ತೋರಿಸಿದ್ರು, ಕೆಳಗ "ನಮ್ಮಲ್ಲೇ ಮೊದಲು" ಅಂತ ಬರದು. ಮುಂದಿನ ವಾರ ಅದ ಸೂಟಿನಾಂವ, "ವದಂತಿಗಳಿಗೆ ಕಿವಿಗೊಡಬೇಡಿ" ಅಂತ ನಮಗ ಬುದ್ಧಿ ಹೇಳಿದ. ನನಗ ಸಿಟ್ಟು ನೆತ್ತಿಗೇರ್ತು. ನಿನ್ನ ಬಾಯಾಗ ಮಣ್ಣು ಬೀಳ್ಲಿ ಅಂತ ಬೈದೆ, ಅಂವಗೆಲ್ಲಿ ಕೇಳಬೇಕು.

ಮುಳುಗಿದ್ದು ಯಾವುದು ಅಂತ ಕಡೀಕೂ ಯಾರೂ ಹೇಳಲಿಲ್ಲ. ಕೈಗಡ ಕೇಳೋಣಂದ್ರ ಎಲ್ಲಾರ ರೊಕ್ಕಾನೂ ಅಲ್ಲೇ ಸಿಕ್ಕೊಂಡಿತ್ತು. ಡಾಕ್ಟರು ಹೇಳಿದ ಸೋಮವಾರ ದಾಟ್ತು, ನಮ್ಮ ಸೊಸೈಟಿ ಬಾಗಲಾ ತಗಿಯೂದ್ರಾಗ ಮಳಿಗಾಲ ಬಂತು. ಆಪರೇಷನ್ ಆತು, ಎಡಗಣ್ಣಿಗೆ ಒಂದೀಟು ಬೆಳಕು ಉಳೀತು. ಬಲಗಣ್ಣು ಹೋತು.

ಈಗ ಸೆರಗು ನಾ ಕೂಡಸ್ತೇನಿ, ಅತ್ತಿ ಬಾಜೂಕ ಕುಂತಿರ್ತಾಳ. ಮೊನ್ನೆ ಒಮ್ಮಿಂದೊಮ್ಮೆ ಕೇಳಿದ್ಲು, "ನಾ ಟೀವಿಯಾಗ ಬಂದಿದ್ನೆಲ್ಲ, ಹೆಂಗ ಕಂಡೆ?"

"ಭಾಳ ಛಲೋ ಕಂಡ್ರಿ."

"ತಲಿಮ್ಯಾಲ ಸೆರಗಿತ್ತಾ?"

"ಇತ್ರಿ ಅತ್ತಿ."

"ಹಂಗಾರ ಅಡ್ಡಿಯಿಲ್ಲ ಬಿಡು," ಅಂದ್ಲು. "ಹುನಗುಂದದವರೂ ನೋಡಿರ್ತಾರ."